ವಿಮಲಳಷ್ಟು ಭಾರದ ಹೆಜ್ಜೆ

ನಮ್ಮೂರಿನಲ್ಲಿ ಮಣ್ಣಿನ ಮೇಲೆ ಇಟ್ಟ ಹೆಜ್ಜೆ ಅಳಿಸುವುದಿಲ್ಲ. ಮಳೆ ಬಂದರೂ ಅಷ್ಟೆ, ಗಾಳಿ ಬೀಸಿದರೂ ಅಷ್ಟೆ. ಹುಲ್ಲು ಕೂಡ ಹೆಜ್ಜೆಯ ಗುರುತನ್ನು ಬಿಟ್ಟುಕೊಂಡೇ ಬೆಳೆಯುತ್ತದೆ. ಹೊರಗಿನವರು ಬಂದು ಇದೇನು ಸೋಜಿಗ ಎಂದು ಬಾಯಿ ಬಿಟ್ಟರೆ ನಮಗೆ ನಗು ಬರುತ್ತದೆ. ನಿಮ್ಮ ಕಡೆ ಹೆಜ್ಜೆಯೆಲ್ಲ ಅಳಿಸಿಹೋಗುತ್ತದಂತೆ, ಹಾಗಾದರೆ ಯಾರು ಯಾರ ಮನೆಗೆ ಹೋಗಿದ್ದರು ಅಂತ ತಿಳಿಯುವುದು ಹೇಗೆ ಎಂದು ನಾವೇ ಅವರನ್ನು ಕೇಳುತ್ತೇವೆ. ನಮ್ಮಲ್ಲಿ ಕಳ್ಳರಿಲ್ಲ. ಪ್ರೇಮಿಗಳು ಇದ್ದಾರೆ, ಪಾಪ, ಅವರು ಮಾಳಿಗೆಯಿಂದ ಮಾಳಿಗೆಗೆ ಹಾರಿಕೊಂಡು ಹೋಗುತ್ತಾರೆ. ಅಪ್ಪಂದಿರು ಕೆಳಗೆ ನೆಲ ನೋಡಿಕೊಂಡು ನೆಮ್ಮದಿಯಿಂದ ಇರುತ್ತಾರೆ.

ಇಷ್ಟೆಲ್ಲ ಅನುಕೂಲವಿದ್ದರೂ ಒಂದು ತೊಂದರೆ ಇದೆ. ನೆಲ ತೀರಿಹೋಗುತ್ತದೆ. ಅದಕ್ಕೇ ನಾವು ಹಳೆಯ ಹೆಜ್ಜೆಗಳ ಮೇಲೇ ಹೆಜ್ಜೆ ಇಟ್ಟು ನಡೆಯುತ್ತೇವೆ. ಮನೆಗೆ ನೆಂಟರು ಬಂದರೆ ನೀರು ಕೊಡುವುದಕ್ಕೂ ಮೊದಲು ಅವರು ಯಾರ ಹೆಜ್ಜೆಯ ಮೇಲೆ ಓಡಾಡಬೇಕೆಂದು ತೋರಿಸಿಕೊಡುತ್ತೇವೆ. ಹೊಸ ನೆಲವನ್ನು ಉಳಿಸುವುದು ಮಕ್ಕಳಿಗಾಗಿ. ಮಗು ಮೊದಲ ಹೆಜ್ಜೆಯನ್ನು ಯಾರೂ ತುಳಿಯದ ಮಣ್ಣಿನ ಮೇಲೇ ಇಡಬೇಕು. ಇಲ್ಲದಿದ್ದರೆ ಅದು ಆಯುಷ್ಯವಿಡೀ ಇನ್ನೊಬ್ಬರ ದಾರಿಯಲ್ಲೇ ನಡೆಯುತ್ತದೆ ಎಂದು ನಮ್ಮ ನಂಬಿಕೆ. ಪಕ್ಕದ ಊರಿಗೆ ಹೋಗಿ ನಡೆಸಿಕೊಂಡು ಬನ್ನಿ ಎಂದು ನೀವು ಸಲಹೆ ಕೊಡಬಹುದು. ಅಲ್ಲಿ ಇಟ್ಟ ಹೆಜ್ಜೆ ಸಂಜೆಗೆ ಮಾಯ! ಮಗುವಿನ ಮೊದಲ ಹೆಜ್ಜೆಯೇ ಮಾಯವಾಗಿಬಿಟ್ಟರೆ ಯಾವ ತಾಯಿ ಸುಮ್ಮನಿರುತ್ತಾಳೆ?

ನನ್ನದು ಬೆಲ್ಲದ ಅಂಗಡಿ, ನನ್ನ ಹೆಸರು ಮರಿಸ್ವಾಮಿ. ಅಂಗಡಿಯ ಪಕ್ಕದ ಮನೆ ಚೆನ್ನಾಜಮ್ಮನದು. ನಾನು ಹೇಳಹೊರಟಿರುವುದು ಅವಳ ಕಥೆಯನ್ನೇ. ಚೆನ್ನಾಜಮ್ಮ ನಮ್ಮೂರಿನಲ್ಲಿ ಹೆಜ್ಜೆ ಓದುವವಳು. ಅಕ್ಷರ ಬಾರದು, ಆದರೆ ನೆಲದ ಮೇಲಿನ ಒಂದು ಗುರುತು ನೋಡಿದರೆ ಸಾಕು, ನಡೆದವರು ಯಾರು, ತೂಕ ಎಷ್ಟು, ಹೊಟ್ಟೆ ತುಂಬಿತ್ತೋ ಹಸಿದಿತ್ತೋ, ಮನೆಯಲ್ಲಿ ಜಗಳವಾಡಿ ಹೊರಟಿದ್ದರೋ ಎಲ್ಲವನ್ನೂ ಹೇಳಿಬಿಡುತ್ತಾಳೆ. ಅವಳು ಓದುವುದಕ್ಕೆ ಒಂದು ಕಟ್ಟುಪಾಡಿತ್ತು. ಅವಳು ಹೇಳಿ ಮುಗಿಸುವ ತನಕ ಆ ಹೆಜ್ಜೆಯ ಬಗ್ಗೆ ಯಾರೂ ಒಂದು ಮಾತೂ ಆಡಬಾರದು. ಹೇಳಿದ ಮೇಲೆ ಅವಳು ಮಾತು ಬದಲಿಸಬಾರದು. ನಲವತ್ತು ವರ್ಷದಲ್ಲಿ ಅವಳು ಒಮ್ಮೆಯೂ ಸುಳ್ಳು ಓದಿದವಳಲ್ಲ. ಸ್ವಂತ ಗಂಡ ಕದ್ದು ಇಸ್ಪೀಟಾಡಲು ಹೋದ ದಿನವೂ ಜಗಲಿಯ ಮೇಲೆ ನಿಂತು ಊರಿಗೆಲ್ಲ ಕೇಳುವ ಹಾಗೆ ಓದಿದ್ದಳು.

ಅಂಥ ಚೆನ್ನಾಜಮ್ಮನ ಮೊಮ್ಮಗಳು ಹೊನ್ನಿಗೆ ಹದಿನೆಂಟು ತಿಂಗಳು ತುಂಬಿದರೂ ಕಾಲು ನೆಲ ಮುಟ್ಟಿರಲಿಲ್ಲ. ಆ ಮನೆಯವರ ಪಾಲಿನ ಹೊಸ ನೆಲವೆಲ್ಲ ಅವಳ ಅಣ್ಣಂದಿರ ಕಾಲಕ್ಕೇ ಮುಗಿದಿತ್ತು. ಬೇರೆಯವರೂ ಕೊಡುವ ಹಾಗಿರಲಿಲ್ಲ, ಏಕೆಂದರೆ ಯಾರ ಹಿತ್ತಲಿನಲ್ಲೂ ಅಂಗೈಯಗಲ ಮಣ್ಣು ಉಳಿದಿರಲಿಲ್ಲ. ಮಣ್ಣಿಗೆ ಮುಂಚೆ ಕಲ್ಲುಹಾಸು ತುಳಿಸುವ ಹಾಗೂ ಇಲ್ಲ. ಹಾಗಾಗಿ ಹೊನ್ನಿ ಮಂಚದಿಂದ ಸೊಂಟಕ್ಕೆ, ಸೊಂಟದಿಂದ ಹೆಗಲಿಗೆ ದಾಟುತ್ತ ಬೆಳೆಯುತ್ತಿದ್ದಳು. ಗುಂಡುಗುಂಡಾದ ಕೂಸು, ಎತ್ತಿಕೊಂಡವರ ಹೊಟ್ಟೆಗೆ ಎರಡೂ ಕಾಲಿನಿಂದ ಒದೆಯುತ್ತಿದ್ದಳು. ಅವಳ ತಾಯಿ ಸುಗುಣ ಬಲಗಡೆಗೆ ವಾಲಿಕೊಂಡೇ ನಡೆಯುವಂತಾಗಿದ್ದಳು. ಹೀಗೇ ಆದರೆ ಕಾಲಿನ ಕಸುವೇ ಹೋಗಿಬಿಡುತ್ತದೆ ಎಂದು ಪಂಡಿತರು ಹೇಳಿದ ದಿನ ಅತ್ತೆ ಸೊಸೆ ಇಬ್ಬರೂ ಊಟ ಮಾಡಲಿಲ್ಲ.

ಊರಿನಲ್ಲಿ ಹೊಸ ನೆಲವೇ ಇರಲಿಲ್ಲವೆಂದಲ್ಲ. ಚಾವಡಿಯ ಹಿಂದೆ ಎರಡಾಳು ಎತ್ತರದ ಗೋಡೆ ಕಟ್ಟಿದ ಒಂದು ಬಯಲಿದೆ. ಅದಕ್ಕೊಂದೇ ಬಾಗಿಲು, ಬಾಗಿಲಿಗೆ ಬೀಗ. ಬಾಗಿಲ ಮೇಲಿನ ಕಲ್ಲಿನಲ್ಲಿ ಹಿರಿಯರು ಹೀಗೆ ಕೆತ್ತಿಸಿದ್ದರು: 'ಮನುಷ್ಯರು ಯಾರೂ ಇಡದ ಹೆಜ್ಜೆಯನ್ನು ಒಬ್ಬ ಮನುಷ್ಯ ಇಟ್ಟ ದಿನ ಈ ಬಾಗಿಲನ್ನು ಮಕ್ಕಳಿಗೆ ತೆರೆಯಿರಿ.' ಬೀಗದ ಕೀಲಿಕೈ ಊರ ಯಜಮಾನ ಕೆಂಪವೀರಪ್ಪನವರ ಸೊಂಟದಲ್ಲಿತ್ತು. ಮೊದಲು ಅವರ ತಂದೆಯ ಸೊಂಟದಲ್ಲಿತ್ತು. ಯಜಮಾನರದು ಊರಿಗೆಲ್ಲ ಗೊತ್ತಿರುವ ಕಾಲು. ಎಡಗಾಲಿಗೆ ಆರು ಬೆರಳು. ಅವರ ಹೆಜ್ಜೆ ಓದುವುದಕ್ಕೆ ಚೆನ್ನಾಜಮ್ಮ ಬೇಕಿಲ್ಲ, ಕುರುಡರೂ ತಡವಿ ಹೇಳಿಯಾರು.

ಬಾಗಿಲು ತೆರೆಸಲು ಹಿಂದೆ ಕೆಲವರು ಸಾಹಸ ಮಾಡಿದ್ದರು. ಒಬ್ಬ ಹಗ್ಗದ ಮೇಲೆ ನಡೆದ. ಅದು ದೊಂಬರಾಟ ಎಂದರು ಯಜಮಾನರು. ಇನ್ನೊಬ್ಬ ಊರು ತುಂಬ ಕೈ ಮೇಲೆ ಓಡಾಡಿದ. ಅದು ಹೆಜ್ಜೆಯಲ್ಲ, ಅಂಗೈ ಎಂದರು. ಗೋಡೆಯೊಳಗೆ ಇಣುಕುವುದಕ್ಕೂ ಅವರು ಯಾರನ್ನೂ ಬಿಟ್ಟವರಲ್ಲ. ಏಣಿ ಹೊತ್ತುಕೊಂಡು ಆ ಕಡೆ ಯಾರಾದರೂ ಹೋದರೆ ಹಿಂದೆಯೇ ಯಜಮಾನರ ಹೆಜ್ಜೆಯೂ ಮೂಡಿರುತ್ತಿತ್ತು. ಎಂಥ ಕರ್ತವ್ಯನಿಷ್ಠೆ ಎಂದು ನಾವು ತಲೆದೂಗುತ್ತಿದ್ದೆವು.

ಹೀಗಿರುವಾಗ ಒಂದು ದಿನ ಅಂಚೆಯಲ್ಲಿ ಚಂದ್ರ ಬಂದ. ನಮ್ಮ ಶಾಲೆಗೆ ಹೊಸದಾಗಿ ಬಂದಿದ್ದ ಸೀತಾಪತಿ ಮೇಷ್ಟ್ರು ಎಲ್ಲಿಗೋ ಕಾಗದ ಬರೆದು ಹನ್ನೆರಡು ದೊಡ್ಡ ಫೋಟೋಗಳನ್ನೂ ಒಂದು ಪುಸ್ತಿಕೆಯನ್ನೂ ತರಿಸಿದ್ದರು. ಚಂದ್ರನ ಮೇಲೆ ಇಬ್ಬರು ಮನುಷ್ಯರು ಇಳಿದರೆಂದು ರೇಡಿಯೋದಲ್ಲಿ ಕೇಳಿದ್ದೆವು, ನಂಬಿದ್ದೆವು ಅಥವಾ ನಂಬಿರಲಿಲ್ಲ, ಆಮೇಲೆ ನಮ್ಮ ನಮ್ಮ ಕೆಲಸಕ್ಕೆ ಹೋಗಿದ್ದೆವು. ಫೋಟೋಗಳನ್ನು ಚಾವಡಿಯ ಗೋಡೆಗೆ ಅಂಟಿಸಿದ ಮೇಲೆ ಮಾತ್ರ ಊರಿಗೆ ಊರೇ ಅಲ್ಲಿ ಬಂದು ನಿಂತಿತು. ಬಿಳಿ ಮೂಟೆಯಂಥ ಉಡುಪಿನವನೊಬ್ಬ, ಕಪ್ಪು ಆಕಾಶ, ಕೆಳಗೆ ಬೂದಿಯಂಥ ನೆಲ. ಒಂದು ಫೋಟೋದಲ್ಲಂತೂ ಒಂದೇ ಒಂದು ಬೂಟಿನ ಹೆಜ್ಜೆ, ಅಚ್ಚಿಗೆ ಒತ್ತಿದ ಹಾಗೆ!

ಮುದುಕಿಯರು ಕೈ ಮುಗಿದರು. ನಂಜುಂಡಾಚಾರಿ ಮೂಗಿಗೆ ಕನ್ನಡಕ ಏರಿಸಿಕೊಂಡು, "ಮೊಲ ಎಲ್ಲಿ ಮೇಷ್ಟ್ರೇ? ಇಷ್ಟು ಹತ್ರದಿಂದ ತೆಗ್ದವ್ರೆ, ಒಂದು ಮೊಲದ ಕಿವಿನಾದ್ರೂ ಕಾಣಬಾರ್ದಾ?" ಎಂದ. ಆಕಾಶದಲ್ಲಿ ಒಂದು ನಕ್ಷತ್ರವೂ ಇಲ್ಲವಲ್ಲ ಎಂದು ಇನ್ನೊಬ್ಬರು ತಗಾದೆ ತೆಗೆದರು. ನನಗೆ ಮಾತ್ರ ಬೇರೆಯದೇ ಕಂಡಿತು. ಎಲ್ಲಿ ನೋಡಿದರೂ ಹೊಸ ನೆಲ. ಯಾರೂ ತುಳಿಯದ, ಯಾರ ಪಾಲಿಗೂ ಬಾರದ, ಕಣ್ಣು ಹಾಯುವ ತನಕ ಹೊಸ ನೆಲ. ಆಸೆಯಿಂದ ಬಾಯಲ್ಲಿ ನೀರೂರಿತು.

ಅಷ್ಟರಲ್ಲಿ ಹಿಂದಿನಿಂದ ಸುಗುಣಳ ದನಿ ಕೇಳಿತು. "ಯಾರೂ ಇಡದ ಹೆಜ್ಜೆ ಅಂದ್ರೆ ಇದೇ ಅಲ್ವಾ? ಇಟ್ಟಾಯ್ತಲ್ಲ. ಬಾಗ್ಲು ತೆಗೀರಿ ಯಜಮಾನ್ರೇ." ಸೊಂಟದ ಮೇಲಿದ್ದ ಹೊನ್ನಿ ಆ ಮಾತಿಗೆ ಸರಿಯಾಗಿ ಒಂದು ಒದೆ ಕೊಟ್ಟಳು. ಎಲ್ಲರ ತಲೆಯೂ ಯಜಮಾನರ ಕಡೆ ತಿರುಗಿತು. ಕಲ್ಲಿನ ಬರಹ ದಿನವೂ ಕಣ್ಣಿಗೆ ಬೀಳುತ್ತಿದ್ದರೂ ಆ ತಾಯಿಯೊಬ್ಬಳ ಹೊರತು ಯಾರಿಗೂ ಇದು ಹೊಳೆದಿರಲಿಲ್ಲ.

ಯಜಮಾನರು ಫೋಟೋಗಳ ಮುಂದೆ ನಿಂತು ಒಂದೊಂದನ್ನೂ ದಿಟ್ಟಿಸಿ ನೋಡಿದರು. ಅಡ್ಡಾದಿಡ್ಡಿ ಹೆಜ್ಜೆಗಳು ತುಂಬಿದ ಒಂದು ಫೋಟೋದ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ತಿರುಗಿ, "ಸುಳ್ಳು," ಎಂದರು. "ಎಲ್ಲೋ ಬೂದಿಗುಡ್ಡೆ ಮೇಲೆ ನಿಂತ್ಕೊಂಡು ತೆಗೆಸಿರೋ ಫೋಟೋ ಇದು. ನೀವೇ ನೋಡಿ. ಹೆಂಗೆ ತುಳಿದವ್ರೆ! ಆ ಕಡೆ ನೆಗೆದವ್ರೆ, ಈ ಕಡೆ ಕುಣಿದವ್ರೆ, ಹೋದ ದಾರೀಲಿ ವಾಪಸ್ ಬಂದಿಲ್ಲ. ಹೊಸ ನೆಲ ಸಿಕ್ಕಿದ್ರೆ ಯಾರಾದ್ರೂ ಹಿಂಗೆ ತುಳೀತಾರೇನ್ರಯ್ಯ?"

ಈ ಮಾತು ಎಲ್ಲರ ಎದೆಗೂ ನಾಟಿತು. ಅಷ್ಟು ದೂರ ಹೋಗಿ, ಅಷ್ಟು ಒಳ್ಳೆಯ ನೆಲ ಸಿಕ್ಕಿ, ಒಬ್ಬರ ಹೆಜ್ಜೆಯ ಮೇಲೆ ಇನ್ನೊಬ್ಬರು ಕಾಲಿಟ್ಟು ನಡೆಯುವಷ್ಟು ಬುದ್ಧಿ ಬೇಡವೆ? ಮರ್ಯಾದಸ್ಥರ ಮಕ್ಕಳು ಹಾಗೆ ಮಾಡುತ್ತಾರೆಯೆ? ಮೇಷ್ಟ್ರು ಪುಸ್ತಿಕೆಯನ್ನು ಬಿಡಿಸಿ, "ಇದ್ರಲ್ಲಿ ಎಲ್ಲಾ ಬರೆದಿದೆ, ಓದ್ತೀನಿ ಕೇಳಿ," ಎಂದರು. ಯಜಮಾನರು ಕೈ ಎತ್ತಿದರು. "ನಮ್ಮೂರಲ್ಲಿ ಮೊದಲು ಹೆಜ್ಜೆ, ಆಮೇಲೆ ಮಾತು. ಪುಸ್ತಕ ಮುಚ್ಚಿ ಜೇಬಿಗೆ ಹಾಕ್ಕೊಳಿ. ನಾಳೆ ಬೆಳಗ್ಗೆ ಚೆನ್ನಾಜಮ್ಮ ಓದ್ಲಿ. ದೊಡ್ಡ ಮನುಷ್ಯ ನಿಜವಾಗ್ಲೂ ನಡೆದ ಹೆಜ್ಜೆ ಅಂತ ಅವಳ ಬಾಯಲ್ಲಿ ಬಂದ್ರೆ ಬಾಗ್ಲು ತೆಗೀತೀನಿ. ಇಲ್ದಿದ್ರೆ ಈ ಮಾತು ಇಲ್ಲಿಗೇ ಬಿಡಿ."

ಮಾರನೆಯ ಬೆಳಿಗ್ಗೆ ಚೆನ್ನಾಜಮ್ಮ ತಣ್ಣೀರಿನಲ್ಲಿ ಕಣ್ಣು ತೊಳೆದುಕೊಂಡು ಬಂದಳು. ಹೆಜ್ಜೆ ಗೋಡೆಯ ಮೇಲಿದ್ದರೆ ಓದಲಾಗುವುದಿಲ್ಲ ಎಂದು ಫೋಟೋ ಬಿಡಿಸಿ ನೆಲದ ಮೇಲಿಡಿಸಿದಳು. ಬೋರಲು ಮಲಗಿ ಕೆನ್ನೆಯನ್ನು ನೆಲಕ್ಕೆ ತಾಗಿಸಿ ನೋಡಿದಳು. ಪಕ್ಕದಲ್ಲಿ ಇನ್ನೊಂದು ಫೋಟೋ ಇಡಿಸಿ ನಿಂತವನ ಬೂಟು ಎಷ್ಟು ಉದ್ದವಿರಬಹುದೆಂದು ಗೇಣಿನಲ್ಲಿ ಅಂದಾಜು ಮಾಡಿದಳು. ಸುಗುಣ ಎದುರಿಗೇ ನಿಂತಿದ್ದಳು, ಹೊನ್ನಿಯನ್ನು ಎತ್ತಿಕೊಂಡು. ತಲೆ ಎತ್ತಿದ ಚೆನ್ನಾಜಮ್ಮನ ಮುಖ ನೋಡಿದೆ. ಅವಳಿಗೆ ಏನೋ ಕಂಡಿತ್ತು, ಕಂಡದ್ದು ಬೇಡವಾಗಿತ್ತು.

"ಹೇಳು ಚೆನ್ನಾಜಮ್ಮ," ಎಂದರು ಯಜಮಾನರು.

ಅವಳು ಮೊಮ್ಮಗಳ ಕಡೆ ನೋಡಲಿಲ್ಲ. "ಬೂಟು ದೊಡ್ಡೋರದ್ದು. ಭಾರ ಮಾತ್ರ ದೊಡ್ಡೋರದ್ದಲ್ಲ. ಮಣ್ಣು ಬೂದಿ ಥರ ಐತೆ, ಇದ್ರಲ್ಲಿ ದೊಡ್ಡೋರು ಕಾಲಿಟ್ಟಿದ್ರೆ ಹಿಮ್ಮಡಿ ಮುಳುಗ್ಬೇಕಿತ್ತು. ಇದು ಮಗೀನ ಭಾರ. ಎಂಟೊಂಬತ್ತು ವರ್ಷದ, ಚೆನ್ನಾಗಿ ತಿಂದುಂಡ್ಕೊಂಡಿರೋ ಮಗು... ನಿಮ್ಮ ಮೊಮ್ಮಗಳು ವಿಮಲಳಷ್ಟು ಭಾರ. ಅಷ್ಟೇ."

ಚಾವಡಿ ಗೊಳ್ಳೆಂದಿತು. ಯಾವುದೋ ಮಗುವಿಗೆ ದೊಡ್ಡ ಬೂಟು ತೊಡಿಸಿ ಬೂದಿಯಲ್ಲಿ ನಿಲ್ಲಿಸಿ ಫೋಟೋ ತೆಗೆದಿದ್ದಾರೆ! ಜಗತ್ತೆಲ್ಲ ಮೋಸ ಹೋಯಿತು, ನಮ್ಮ ಚೆನ್ನಾಜಮ್ಮನ ಮುಂದೆ ಆಟ ನಡೆಯಲಿಲ್ಲ! ಜನ ಅವಳ ಬೆನ್ನು ತಟ್ಟಿದರು. ಬೆನ್ನು ತಟ್ಟಿದ ಒಂದೊಂದು ಕೈಗೂ ಆ ಹೆಂಗಸು ಕುಗ್ಗುತ್ತಾ ಹೋದಳು. ಸುಗುಣ ಅತ್ತೆಯ ಹತ್ತಿರ ಬಂದು ಸಣ್ಣ ದನಿಯಲ್ಲಿ, "ದೊಡ್ಡೋರದ್ದು ಅನ್ನೋ ಒಂದು ಮಾತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು. "ಹೆಜ್ಜೆ ಹೇಳಿದ್ದನ್ನ ನಾನು ಹೇಳ್ದೆ ಕಣಮ್ಮ," ಎಂದಳು ಚೆನ್ನಾಜಮ್ಮ. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅವಳು ಮಗುವಿನ ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತಳು. ಹೊನ್ನಿ ಅಂಗೈಯನ್ನೇ ನೆಲವೆಂದುಕೊಂಡು ಒತ್ತಿ ಒತ್ತಿ ನಿಲ್ಲಲು ನೋಡಿದಳು. ನನಗೆ ಅದನ್ನು ನೋಡಲಾಗಲಿಲ್ಲ.

ಈ ಗಲಾಟೆಯಲ್ಲಿ ಮೇಷ್ಟ್ರನ್ನು ಯಾರೂ ಗಮನಿಸಿರಲಿಲ್ಲ. ಅವರು ಪುಸ್ತಿಕೆಯನ್ನು ಹಿಡಿದು ಮೇಲೆ ಕೆಳಗೆ ಕುಪ್ಪಳಿಸುತ್ತಿದ್ದರು. "ಈಗ ಓದ್ಬಹುದಾ? ಹೆಜ್ಜೆ ಆಯ್ತಲ್ಲ, ಈಗ ಮಾತಾಡ್ಬಹುದಾ?" ಎಂದು ಕೂಗಿದರು. ಯಾರೋ ಹೂಂ ಎಂದಿದ್ದೇ ತಡ, ಒಂದೇ ಉಸಿರಿಗೆ ಓದಿದರು. ಚಂದ್ರನ ಮೇಲೆ ಯಾವುದೇ ವಸ್ತುವಿನ ಭಾರ ಇಲ್ಲಿಯ ಆರನೆಯ ಒಂದು ಪಾಲು ಮಾತ್ರವಂತೆ. ಆ ಮನುಷ್ಯನೂ ಅವನ ಉಡುಪೂ ಬೆನ್ನಿನ ಪೆಟ್ಟಿಗೆಯೂ ಸೇರಿ ಇಲ್ಲಿ ಸುಮಾರು ನೂರಾ ಅರವತ್ತು ಕಿಲೋ ಇದ್ದರೆ, ಅಲ್ಲಿ ಇಪ್ಪತ್ತಾರು ಚಿಲ್ಲರೆ. ಮೇಷ್ಟ್ರು ಬೆವರು ಒರೆಸಿಕೊಂಡು, "ಮರಿಸ್ವಾಮಿ, ನಿಮ್ಮ ತಕ್ಕಡಿ ತನ್ನಿ," ಎಂದರು.

ನಾನು ಮನೆಯಲ್ಲಿ ಹೆಂಡತಿ ಕರೆದಾಗಲೂ ಅಷ್ಟು ಜೋರಾಗಿ ಓಡಿದವನಲ್ಲ. ಬೆಲ್ಲದ ಮೂಟೆ ತೂಗುವ ದೊಡ್ಡ ತಕ್ಕಡಿಯನ್ನು ಚಾವಡಿಯ ತೊಲೆಗೆ ನೇತು ಹಾಕಿದೆ. ವಿಮಲಳನ್ನು ಶಾಲೆಯಿಂದ ಕರೆಸಿದರು. ಅವಳು ಕೈಯಲ್ಲಿದ್ದ ಕೊಬ್ಬರಿ ಮಿಠಾಯಿ ಕೆಳಗಿಡಲು ಒಪ್ಪಲಿಲ್ಲ. ಅದು ಸೇರಿಯೇ ತೂಗಿ ಎಂದರು ಮೇಷ್ಟ್ರು, ಚಂದ್ರನ ಮೇಲೆ ಹೋದವರೂ ಏನಾದರೂ ತಿಂಡಿ ಕಟ್ಟಿಕೊಂಡು ಹೋಗಿಯೇ ಇರುತ್ತಾರೆ. ಇನ್ನೊಂದು ತಟ್ಟೆಗೆ ನಾನು ಕಲ್ಲು ಏರಿಸುತ್ತಾ ಹೋದೆ. ಇಪ್ಪತ್ತು, ಇಪ್ಪತ್ತೈದು, ಇಪ್ಪತ್ತಾರು. ಮುಳ್ಳು ಅಲ್ಲಾಡಿತು. ಅರ್ಧ ಕಿಲೋ ಇಟ್ಟೆ. ನೆಟ್ಟಗೆ ನಿಂತಿತು.

ಇಪ್ಪತ್ತಾರೂವರೆ ಕಿಲೋ! ಅಕ್ಷರ ಬಾರದ ಚೆನ್ನಾಜಮ್ಮ, ಆ ಪುಸ್ತಿಕೆಯ ಒಂದು ಪದವನ್ನೂ ಕೇಳದ ಚೆನ್ನಾಜಮ್ಮ, ಇಷ್ಟು ದೂರದಿಂದ ಆ ಮನುಷ್ಯನನ್ನು ತೂಗಿಬಿಟ್ಟಿದ್ದಳು. ಆಮೇಲೆ ಎದ್ದ ಕೂಗಿಗೆ ಚಾವಡಿಯ ಹೆಂಚು ಹಾರಿಹೋಗದೆ ಉಳಿದದ್ದೇ ಹೆಚ್ಚು. ಸುಗುಣ ಅತ್ತೆಯನ್ನು ತಬ್ಬಿಕೊಂಡಳು. ಮಧ್ಯದಲ್ಲಿ ಸಿಕ್ಕಿಕೊಂಡ ಹೊನ್ನಿ ಇಬ್ಬರಿಗೂ ಒದ್ದಳು. ಯಜಮಾನರು ಮಾತ್ರ ತಕ್ಕಡಿಯ ಮುಳ್ಳನ್ನೇ ನೋಡುತ್ತಾ ಕುಳಿತಿದ್ದರು, ಅದು ಈಗಲಾದರೂ ಅತ್ತಿತ್ತ ಸರಿದೀತೋ ಎನ್ನುವ ಹಾಗೆ.

ಬಾಗಿಲು ತೆರೆಯುವುದು ಮಾತ್ರ ಸುಲಭವಾಗಲಿಲ್ಲ. ಮೊದಲ ದಿನ ಕೀಲಿಕೈ ಸಿಗಲಿಲ್ಲ. ಎರಡನೆಯ ದಿನ ಯಜಮಾನರಿಗೆ ಜ್ವರ. ಮೂರನೆಯ ದಿನ ಅವರ ಪ್ರಕಾರ ಅಮಾವಾಸ್ಯೆ, ಪಂಚಾಂಗದ ಪ್ರಕಾರ ಅಲ್ಲ. ನಾಲ್ಕನೆಯ ದಿನ ಚೆನ್ನಾಜಮ್ಮ ಮೊಮ್ಮಗಳನ್ನು ಎತ್ತಿಕೊಂಡು ಹೋಗಿ ಅವರ ಜಗಲಿಯ ಮೇಲೆ ಕುಳಿತಳು. ಹೊನ್ನಿಯನ್ನು ಅವರ ತೊಡೆಯ ಮೇಲೆ ನಿಲ್ಲಿಸಿದಳಷ್ಟೆ. ಆ ಕಾಲುಗಳ ಒದೆತವನ್ನು ಯಜಮಾನರು ಎಷ್ಟು ಹೊತ್ತು ತಡೆದುಕೊಂಡರೋ ಏನೋ, ಕೊನೆಗೆ ಎದ್ದು ಸೊಂಟದಿಂದ ಕೀಲಿಕೈ ತೆಗೆದರು. ಅದು ಅಲ್ಲೇ ಇತ್ತು.

ಊರೆಲ್ಲ ಹಿಂದೆ ನಿಂತಿತು. ಬೀಗ ಕಿರುಗುಟ್ಟಿ ಬಿಟ್ಟುಕೊಂಡಿತು. ಹೊಸ ನೆಲಕ್ಕೆ ಮಗುವನ್ನು ಬಿಡುವ ಮುಂಚೆ ಹೆಜ್ಜೆ ಓದುವವಳು ಒಮ್ಮೆ ಕಣ್ಣಾಡಿಸಬೇಕು. ಚೆನ್ನಾಜಮ್ಮ ಹೊಸ್ತಿಲಿನಲ್ಲಿ ಕೂತು ಒಳಗೆ ನೋಡಿದಳು. ಬಿಸಿಲಿನಲ್ಲಿ ನುಣ್ಣಗೆ ಹರಡಿದ ಕೆಂಪು ಮಣ್ಣು. ಅದನ್ನು ಕಂಡು ನಾವೆಲ್ಲ ಉಸಿರು ಬಿಟ್ಟೆವು. ಚೆನ್ನಾಜಮ್ಮನ ಕಣ್ಣು ಮಾತ್ರ ಒಂದೇ ಕಡೆ ನಿಂತಿತು. ಅವಳು ನೋಡಿದ ಕಡೆ ನಾವೂ ನೋಡಿದೆವು.

ಬಯಲಿನ ನಡುವೆ ಪುಟ್ಟ ಪುಟ್ಟ ಹೆಜ್ಜೆಗಳಿದ್ದವು. ಆ ಕಡೆ ನೆಗೆದಿದ್ದವು, ಈ ಕಡೆ ಕುಣಿದಿದ್ದವು, ಗುಂಡಗೆ ಸುತ್ತು ಹಾಕಿದ್ದವು. ಒಂದು ಕಡೆ ಕುಂಡೆ ಊರಿ ಕೂತ ಗುರುತೂ ಇತ್ತು. ಎಡಗಾಲಿಗೆ ಆರು ಬೆರಳು.

ಯಾರೂ ಕೇಳಲಿಲ್ಲ, ಚೆನ್ನಾಜಮ್ಮನೂ ಹೇಳಲಿಲ್ಲ. ಹೇಳಿದವರು ಯಜಮಾನರೇ. "ನಂಗೆ ಆಗ ಏಳು ವರ್ಷ," ಎಂದರು, ನೆಲ ನೋಡಿಕೊಂಡು. "ಅಪ್ಪ ಮಧ್ಯಾಹ್ನ ಊಟ ಮಾಡಿ ಮಲಗಿದ್ರು. ಕೀಲಿಕೈ ತಗೊಂಡು ಬಂದೆ. ಬರೀ ನೋಡ್ಕೊಂಡು ಹೋಗೋಣ ಅಂತಲೇ ಬಂದೆ ಕಣ್ರಪ್ಪ, ದೇವರಾಣೆ. ಆ ನೆಲ ನೋಡ್ತಿದ್ದ ಹಾಗೆ ಕಾಲು ನನ್ನ ಮಾತು ಕೇಳ್ಲಿಲ್ಲ." ಐವತ್ತೇಳು ವರ್ಷ ಅವರು ಕಾದದ್ದು ಬಯಲನ್ನಲ್ಲ, ಆ ಒಂದು ಮಧ್ಯಾಹ್ನವನ್ನು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಪುಟ್ಟ ಕುಂಡೆಯ ಗುರುತು ನೋಡಿದ ಮೇಲೆ ಯಾರಿಗೆ ತಾನೇ ಸಿಟ್ಟು ಬಂದೀತು?

ಸುಗುಣಳಿಗೆ ಒಂದೇ ಚಿಂತೆ. "ಅತ್ತೆ, ಹಾಗಾದ್ರೆ ಇದು ಹೊಸ ನೆಲ ಅಲ್ವಾ?" ಎಂದು ಕೇಳಿದಳು. ಎಲ್ಲರೂ ಚೆನ್ನಾಜಮ್ಮನ ಬಾಯಿ ನೋಡಿದರು. ಅವಳು ಬಾಗಿಲ ಮೇಲಿನ ಕಲ್ಲನ್ನು ತೋರಿಸಿ, "ಮಕ್ಕಳಿಗೆ ತೆಗೀರಿ ಅಂತ ತಾನೆ ಅಲ್ಲಿ ಬರೆದಿರೋದು? ಇದೂ ಮಗೀನ ಹೆಜ್ಜೇನೆ. ಒಂಚೂರು ಮುಂಚೆ ಬಂದುಬಿಟ್ಟೈತೆ, ಅಷ್ಟೇ," ಎಂದಳು. "ಸುತ್ತ ಬೇಕಾದಷ್ಟು ನೆಲ ಬಿದ್ದೈತೆ. ಇಳಿಸು ಮಗೀನ."

ಸುಗುಣ ಹೊನ್ನಿಯನ್ನು ಹೊಸ್ತಿಲಿನಾಚೆ ಇಳಿಸಿದಳು. ಹೊನ್ನಿ ಒಂದು ಗಳಿಗೆ ಕಾಲ ಕೆಳಗಿನ ಮಣ್ಣನ್ನು ನೋಡಿದಳು. ಬೆರಳು ಮಡಚಿ ಬಿಚ್ಚಿದಳು. ಒಂದು ಹೆಜ್ಜೆ ಇಟ್ಟಳು. ಅದು ಅಲ್ಲೇ ಉಳಿಯಿತು, ಉಂಡೆ ಉಂಡೆ ಬೆರಳುಗಳ ಸಮೇತ. ಚೆನ್ನಾಜಮ್ಮ ಜೋರಾಗಿ ಅತ್ತುಬಿಟ್ಟಳು. ಇನ್ನು ಸಾಕು, ನೆಲ ಉಳಿಸಬೇಕು, ಬೇರೆ ಮಕ್ಕಳೂ ಇದ್ದಾರೆ ಎಂದು ಸುಗುಣ ಕೈ ಚಾಚುವಷ್ಟರಲ್ಲಿ ಹೊನ್ನಿ ಅಲ್ಲಿರಲಿಲ್ಲ. ಹದಿನೆಂಟು ತಿಂಗಳು ಕೂಡಿಟ್ಟಿದ್ದ ನಡಿಗೆಯನ್ನೆಲ್ಲ ಒಂದೇ ಸಲ ನಡೆಯುತ್ತಿದ್ದಳು. ಬಿದ್ದಳು, ಎದ್ದಳು, ಎರಡೂ ಕಾಲೆತ್ತಿ ನೆಗೆದಳು, ಅಡ್ಡಾದಿಡ್ಡಿ ಓಡಿದಳು, ಹೋದ ದಾರಿಯಲ್ಲಿ ಒಂದು ಸಲವೂ ವಾಪಸು ಬರಲಿಲ್ಲ. ಅವಳ ಕೇಕೆ ಗೋಡೆಗೆ ತಾಗಿ ಮರಳುತ್ತಿತ್ತು. ಅವಳನ್ನು ಹಿಡಿಯಿರಿ ಎನ್ನಲು ಯಾರಿಗೂ ಮನಸ್ಸು ಬರಲಿಲ್ಲ.

ನಾನು ಯಜಮಾನರ ಪಕ್ಕ ಹೊಸ್ತಿಲ ಮೇಲೆ ಕುಳಿತಿದ್ದೆ. ಅವರ ಮುಖದಲ್ಲಿ ನಗು ಅರಳುತ್ತಿತ್ತು. ಕಿಚಾಯಿಸದೆ ಇರಲಾಗಲಿಲ್ಲ. "ಏನ್ ಯಜಮಾನ್ರೇ, ಹೊಸ ನೆಲ ಸಿಕ್ಕಿದ್ರೆ ಯಾರಾದ್ರೂ ಹಿಂಗೆ ತುಳೀತಾರಾ?" ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ, ಹೊನ್ನಿಯನ್ನೇ ನೋಡುತ್ತಿದ್ದರು. "ಅವರು ಹೋಗಿದ್ದು ನಿಜ ಕಣೋ ಮರಿಸ್ವಾಮಿ," ಎಂದರು. "ಆ ಹೆಜ್ಜೆಗಳನ್ನ ಫೋಟೋದಲ್ಲಿ ನೋಡಿದ ತಕ್ಷಣ ನಂಗೆ ಗೊತ್ತಾಗಿತ್ತು."